ಪ್ಲಗ್ ಹಾಕಬೇಕೋ, ಪಂಪ್‌ಗೆ ಹೋಗಬೇಕೋ: ಪ್ಲಗ್-ಇನ್ ಹೈಬ್ರಿಡ್ ಕಾರಿನ ಖರ್ಚು ಲೆಕ್ಕ ಹಾಕುವ ಬಗೆ

ಪ್ಲಗ್-ಇನ್ ಹೈಬ್ರಿಡ್ ಎಂದರೆ ಗೋಡೆಯ ಪ್ಲಗ್‌ನಿಂದ ತುಂಬಿಸಿದ ಬ್ಯಾಟರಿಯಲ್ಲೂ ಓಡುವ, ಪೆಟ್ರೋಲ್ ಎಂಜಿನ್ನಿನಲ್ಲೂ ಓಡುವ ಕಾರು. ಒಂದು ಗ್ಯಾಲನ್ (ಸುಮಾರು 3.8 ಲೀಟರ್) ಪೆಟ್ರೋಲಿನ ಬೆಲೆಯನ್ನು 13ರಿಂದ ಭಾಗಿಸಿ. ನಿಮ್ಮ ಮನೆಯ ಕರೆಂಟಿನ ಯೂನಿಟ್ ಬೆಲೆ ಆ ಉತ್ತರಕ್ಕಿಂತ ಕಡಿಮೆ ಇದ್ದರೆ ಪ್ಲಗ್ ಹಾಕಿ, ಹೆಚ್ಚಿದ್ದರೆ ಪೆಟ್ರೋಲಿನಲ್ಲೇ ಓಡಿಸಿ. ಅವಸರದಲ್ಲಿರುವವರಿಗೆ ಇಷ್ಟು ಸಾಕು. ಆದರೆ ಈ 13 ಎಲ್ಲಿಂದ ಬಂತು, ನಿಮ್ಮ ಕಾರಿಗೆ, ನಿಮ್ಮ ರಸ್ತೆಗೆ ಅದು ಎಷ್ಟಾಗುತ್ತದೆ, ಯೂನಿಟ್ ಬೆಲೆ ಎಂದರೆ ಬಿಲ್ಲಿನ ಯಾವ ಸಾಲು ಎಂಬುದನ್ನು ಕೂತು ನೋಡಿದರೆ ಮಾತ್ರ ಕೈಗೆ ನಿಜವಾದ ಉತ್ತರ ಸಿಗುತ್ತದೆ.

ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಓಡಿಸುವುದು ಟೊಯೋಟಾ ಪ್ರಿಯಸ್ ಪ್ರೈಮ್, 2023ರಲ್ಲಿ ಬಂದ ಹೊಸ ಮಾದರಿ. ಇಲ್ಲಿ ನಮ್ಮವರು ನಾಲ್ಕು ಜನ ಸೇರಿದ ಕಡೆ ಕಾರಿನ ಮಾತು ಬಂದರೆ ಯಾರಾದರೊಬ್ಬರು "ಕರೆಂಟ್‌ನಲ್ಲಿ ಓಡ್ಸಿದ್ರೆ ಬಿಟ್ಟಿ ಅಲ್ವಾ?" ಎನ್ನುತ್ತಾರೆ. ಕರೆಂಟ್ ಅಗ್ಗವಾಗಿರುವ ಊರಿನಲ್ಲಿ ಆ ಮಾತು ಹತ್ತಿರಹತ್ತಿರ ನಿಜ. ಪಿಜಿ ಅಂಡ್ ಇ ಕಂಪನಿಯ ಕರೆಂಟ್ ಬಳಸುವ ನಮ್ಮಂಥವರಿಗೆ ನಿಜವಲ್ಲ. ಇಲ್ಲಿ ಪೆಟ್ರೋಲೂ ದುಬಾರಿ, ಕರೆಂಟೂ ದುಬಾರಿ. ಎರಡರ ನಡುವಿನ ಅಂತರ ಎಷ್ಟು ಸಣ್ಣದೆಂದರೆ, ಪ್ಲಗ್ ಹಾಕುವ ಗಂಟೆ ಬದಲಾದರೆ ಗೆಲ್ಲುವವರು ಬದಲಾಗುತ್ತಾರೆ.

ಶುರುವಿನಲ್ಲೇ ಒಂದು ಮಾತು. ಕರೆಂಟ್ ಖರ್ಚನ್ನು ನಿಮ್ಮ ಹಳೆಯ ಎಸ್‌ಯುವಿಯ ಪೆಟ್ರೋಲ್ ಖರ್ಚಿಗೆ ಹೋಲಿಸಬೇಡಿ. ಆ ಹೋಲಿಕೆ ಕಾರು ಕೊಳ್ಳುವ ದಿನಕ್ಕೆ. ಕೊಂಡ ಮೇಲೆ ಪ್ರತಿ ರಾತ್ರಿ ನಿಮ್ಮ ಮುಂದಿರುವ ಆಯ್ಕೆ ಬೇರೆ: ಇದೇ ಕಾರು, ಇದೇ ರಸ್ತೆ, ಬ್ಯಾಟರಿಯಲ್ಲಿ ಓಡಲಿಯೋ ಎಂಜಿನ್ನಿನಲ್ಲಿ ಓಡಲಿಯೋ? ಪ್ಲಗ್-ಇನ್ ಹೈಬ್ರಿಡ್‌ನ ಎಂಜಿನ್ ತಾನೇ ಬಹಳ ಮಿತವ್ಯಯಿ. ಹಾಗಾಗಿ ಕರೆಂಟಿನ ಎದುರಾಳಿ ಗಟ್ಟಿಯಾಗಿಯೇ ಇದೆ.

13 ಬಂದದ್ದು ಹೀಗೆ

ಅಮೆರಿಕದ ಪರಿಸರ ಸಂಸ್ಥೆ ಇಪಿಎ ಪ್ರತಿ ಪ್ಲಗ್-ಇನ್ ಹೈಬ್ರಿಡ್‌ಗೂ ಎರಡು ಅಂಕಿ ಕೊಡುತ್ತದೆ. ಒಂದು, ಕರೆಂಟಿನಲ್ಲಿ 100 ಮೈಲಿ ಓಡಲು ಎಷ್ಟು ಕಿಲೋವ್ಯಾಟ್ ಅವರ್ ಬೇಕು ಎಂಬುದು. ನಾವು ಊರಲ್ಲಿ ಯೂನಿಟ್ ಎನ್ನುವುದು ಇದನ್ನೇ, ಮುಂದೆ ನಾನೂ ಹಾಗೇ ಬರೆಯುತ್ತೇನೆ. ಇನ್ನೊಂದು, ಬ್ಯಾಟರಿ ಮುಗಿದ ಮೇಲೆ ಪೆಟ್ರೋಲಿನಲ್ಲಿ ಗ್ಯಾಲನ್‌ಗೆ ಎಷ್ಟು ಮೈಲಿ ಎಂಬುದು. ಎರಡೂ ಹೊಸ ಕಾರಿನ ಕಿಟಕಿಗೆ ಅಂಟಿಸಿದ ಚೀಟಿಯಲ್ಲಿರುತ್ತವೆ. ಹಳೆಯ ಕಾರಾದರೆ ಇಪಿಎಯ ಇಂಧನ ಮಿತವ್ಯಯದ ಪಟ್ಟಿಯಲ್ಲಿ ನೋಡಬಹುದು.

ನನ್ನ ಕಾರಿನ ಮೂಲ ಮಾದರಿಗೆ 100 ಮೈಲಿಗೆ ಸುಮಾರು 26 ಯೂನಿಟ್, ಪೆಟ್ರೋಲಿನಲ್ಲಿ ಗ್ಯಾಲನ್‌ಗೆ 52 ಮೈಲಿ. 100 ಮೈಲಿಗೆ ಪೆಟ್ರೋಲ್ ಎಷ್ಟು? 100ನ್ನು 52ರಿಂದ ಭಾಗಿಸಿದರೆ 1.92 ಗ್ಯಾಲನ್. ಅಂದರೆ 26 ಯೂನಿಟ್ ಮಾಡುವ ಕೆಲಸವನ್ನೇ 1.92 ಗ್ಯಾಲನ್ ಮಾಡುತ್ತದೆ. 26ನ್ನು 1.92ರಿಂದ ಭಾಗಿಸಿ: 13.5. ಈ ಕಾರಿನ ಮಟ್ಟಿಗೆ ಒಂದು ಗ್ಯಾಲನ್ ಎಂದರೆ ಹದಿಮೂರೂವರೆ ಯೂನಿಟ್.

ಬೇರೆ ಕಾರುಗಳಿಗೂ ಹಾಕಿ ನೋಡಿದೆ. ರಾವ್4 ಪ್ರೈಮ್‌ಗೆ 100 ಮೈಲಿಗೆ 36 ಯೂನಿಟ್, ಗ್ಯಾಲನ್‌ಗೆ 38 ಮೈಲಿ, ಉತ್ತರ 13.7. ಷೆವರ್ಲೆ ವೋಲ್ಟ್‌ನ ಎರಡನೇ ತಲೆಮಾರಿಗೆ 31 ಮತ್ತು 42, ಉತ್ತರ 13. ಮಕ್ಕಳಿರುವ ಮನೆಗಳಲ್ಲಿ ಕಾಣುವ ಕ್ರೈಸ್ಲರ್ ಪೆಸಿಫಿಕಾ ಹೈಬ್ರಿಡ್ ವ್ಯಾನಿಗೆ 41 ಮತ್ತು 30, ಉತ್ತರ 12.3. ಸಣ್ಣ ಕಾರಿನಿಂದ ಏಳು ಜನರ ವ್ಯಾನಿನವರೆಗೆ ಎಲ್ಲವೂ 12ರಿಂದ 14ರ ಒಳಗೇ ಬಂತು. ಭಾರದ ಗಾಡಿ ಕರೆಂಟನ್ನೂ ಹೆಚ್ಚು ತಿನ್ನುತ್ತದೆ, ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ. ಭಾಗಾಕಾರದಲ್ಲಿ ಆ ಭಾರ ಹೊಡೆದುಹೋಗುತ್ತದೆ.

ಅದೇ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಇನ್ನೊಂದು ಅಂಕಿ ಇರುತ್ತದೆ, ಎಂಪಿಜಿಇ, ಅಂದರೆ ಒಂದು ಗ್ಯಾಲನ್‌ಗೆ ಸಮನಾದ ಕರೆಂಟಿನಲ್ಲಿ ಎಷ್ಟು ಮೈಲಿ ಎಂಬುದು. ನನ್ನ ಕಾರಿಗೆ ಅದು 127. ಒಂದು ಗ್ಯಾಲನ್ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ 33.7 ಯೂನಿಟ್‌ಗೆ ಸಮ ಎಂಬ ಲೆಕ್ಕದಿಂದ ಅದನ್ನು ತೆಗೆಯುತ್ತಾರೆ. ಶಕ್ತಿಯ ದಕ್ಷತೆ ತಿಳಿಯಬೇಕಾದವರಿಗೆ ಅದು ಉಪಯುಕ್ತ. ಅದರಲ್ಲಿ ಬೆಲೆಯ ಸುಳಿವೇ ಇಲ್ಲ. 127 ಎಂಬುದು 52ರ ಎರಡೂವರೆ ಪಟ್ಟು, ಹಾಗಾಗಿ ಖರ್ಚೂ ಎರಡೂವರೆ ಪಟ್ಟು ಕಡಿಮೆ ಎಂದುಕೊಂಡವರನ್ನು ಬಹಳ ನೋಡಿದ್ದೇನೆ. ದುಡ್ಡಿನ ಲೆಕ್ಕಕ್ಕೆ ಕೂತಾಗ ಆ ಅಂಕಿಯನ್ನು ಪಕ್ಕಕ್ಕಿಡಿ.

ಈಗ ಬೆಲೆ ಹಾಕೋಣ. ಪೆಟ್ರೋಲ್ ಗ್ಯಾಲನ್‌ಗೆ 4.60 ಡಾಲರ್ ಎಂದಿಟ್ಟುಕೊಳ್ಳಿ. 13.5ರಿಂದ ಭಾಗಿಸಿದರೆ 34 ಸೆಂಟ್. ಇದೇ ಗಡಿ. ಯೂನಿಟ್‌ಗೆ 34 ಸೆಂಟಿಗಿಂತ ಕಡಿಮೆಗೆ ಕರೆಂಟ್ ಸಿಕ್ಕರೆ ಲಾಭ, ಮೇಲೆ ಹೋದರೆ ನಷ್ಟ. ಅಗ್ಗದ ಕಾಸ್ಟ್ಕೋ ಪಂಪಿನಲ್ಲಿ ಸಾಲು ನಿಂತು ಹಾಕಿಸಿಕೊಳ್ಳುವವರು ಆ ಬೆಲೆಯನ್ನೇ ಹಾಕಿಕೊಳ್ಳಬೇಕು. ಅಕ್ಕಪಕ್ಕದ ಪಂಪಿಗೂ ಅದಕ್ಕೂ ಇರುವ ವ್ಯತ್ಯಾಸವೇ ಕೆಲವೊಮ್ಮೆ ಗಡಿಯನ್ನು ಎರಡು ಮೂರು ಸೆಂಟ್ ಸರಿಸುತ್ತದೆ.

ಬಿಲ್ಲಿನ ಯಾವ ಸಾಲು?

ಹೆಚ್ಚಿನವರು ತಿಂಗಳ ಬಿಲ್ಲಿನ ಮೊತ್ತವನ್ನು ಒಟ್ಟು ಯೂನಿಟ್‌ನಿಂದ ಭಾಗಿಸಿ, ಬಂದದ್ದನ್ನೇ ಬೆಲೆ ಎನ್ನುತ್ತಾರೆ. ಅದು ಇಡೀ ಮನೆಯ ಸರಾಸರಿ. ನಮಗೆ ಬೇಕಾದದ್ದು ಕಾರಿಗಾಗಿ ಹೆಚ್ಚುವರಿಯಾಗಿ ಎಳೆದ ಯೂನಿಟ್‌ಗೆ, ಎಳೆದ ಆ ಗಂಟೆಯಲ್ಲಿ, ಎಷ್ಟು ಬಿತ್ತು ಎಂಬುದು. ತಿಂಗಳ ನಿಗದಿತ ಶುಲ್ಕ ಕಾರು ಇದ್ದರೂ ಬರುತ್ತದೆ, ಇಲ್ಲದಿದ್ದರೂ ಬರುತ್ತದೆ. ಅದನ್ನು ಹೊರಗಿಡಿ. ಊರಿನ ಕಡೆಯಿಂದ ಕರೆಂಟ್ ಕೊಳ್ಳುವ ಸಾಮುದಾಯಿಕ ಯೋಜನೆಯಲ್ಲಿದ್ದರೆ ಉತ್ಪಾದನೆಯ ದರ ಒಂದು ಪುಟದಲ್ಲಿ, ಸಾಗಣೆಯ ದರ ಇನ್ನೊಂದು ಪುಟದಲ್ಲಿ ಇರುತ್ತದೆ. ಎರಡನ್ನೂ ಕೂಡಿಸಲೇಬೇಕು. ಒಂದನ್ನೇ ನೋಡಿ ಕರೆಂಟ್ ಅಗ್ಗ ಎಂದುಕೊಳ್ಳುವುದು ತೀರಾ ಸುಲಭ.

ಪಿಜಿ ಅಂಡ್ ಇಯಲ್ಲಿ ಪ್ಲಗ್ ಇರುವ ಕಾರಿನ ಮನೆಗಳಿಗೆಂದು ಇವಿ2-ಎ ಎಂಬ ದರಪಟ್ಟಿ ಇದೆ. ಮಧ್ಯರಾತ್ರಿಯಿಂದ ಮಧ್ಯಾಹ್ನ 3ರವರೆಗೆ ಕಡಿಮೆ ದರ. ಸಂಜೆ 4ರಿಂದ ರಾತ್ರಿ 9ರವರೆಗೆ ಪೀಕ್, ಅಂದರೆ ಅತಿ ಹೆಚ್ಚಿನ ದರ. 3ರಿಂದ 4 ಮತ್ತು 9ರಿಂದ 12 ನಡುವಿನ ದರ. 2025ರಲ್ಲಿ ಕಡಿಮೆ ದರ 31 ಸೆಂಟಿನ ಆಸುಪಾಸಿನಲ್ಲಿತ್ತು. ಬೇಸಿಗೆಯ ಪೀಕ್ 50 ಸೆಂಟ್ ದಾಟಿತ್ತು.

31 ಸೆಂಟ್ ಹಿಡಿದರೆ ನನ್ನ ಕಾರಿಗೆ 100 ಮೈಲಿಯ ಕರೆಂಟ್ ಖರ್ಚು 8.06 ಡಾಲರ್. ಅದೇ 100 ಮೈಲಿಗೆ ಪೆಟ್ರೋಲ್ 8.85. ಉಳಿತಾಯ 79 ಸೆಂಟ್. ಸಂಜೆ ಆಫೀಸಿನಿಂದ ಬಂದವರು ಆರು ಗಂಟೆಗೇ ಪ್ಲಗ್ ಸಿಕ್ಕಿಸಿ ಒಳಗೆ ಹೋದರೆ, ಯೂನಿಟ್‌ಗೆ 55 ಸೆಂಟಿನಂತೆ 14.30 ಡಾಲರ್. ಪೆಟ್ರೋಲಿಗಿಂತ 5.45 ಹೆಚ್ಚು. ಆದ್ದರಿಂದ ಈ ಬರಹದಿಂದ ಒಂದೇ ಒಂದು ಕೆಲಸ ಮಾಡುವುದಾದರೆ, ಕಾರಿನ ಪರದೆಯಲ್ಲಿ ಚಾರ್ಜಿಂಗ್ ವೇಳಾಪಟ್ಟಿ ತೆರೆದು ಮಧ್ಯರಾತ್ರಿಗೆ ಶುರುವಾಗುವಂತೆ ಹೊಂದಿಸಿ. ಹೊರಡುವ ಸಮಯ ಕೊಟ್ಟರೆ ಕಾರು ತಾನೇ ಲೆಕ್ಕ ಹಾಕಿ ಶುರು ಮಾಡುವ ಆಯ್ಕೆಯೂ ಇದೆ. ಆದರೆ ಬೆಳಗ್ಗೆ ಬೇಗ ಹೊರಡುವವರಿಗೆ ಅದು ರಾತ್ರಿ 12ಕ್ಕೂ ಮೊದಲೇ ಶುರುವಾಗಬಹುದು. ಒಮ್ಮೆ ಎಚ್ಚರವಿದ್ದು ನೋಡಿ.

ಇವಿ2-ಎಗೆ ಬದಲಾದರೆ ಇಡೀ ಮನೆ ಅದೇ ದರಕ್ಕೆ ಬರುತ್ತದೆ, ಕಾರು ಮಾತ್ರವಲ್ಲ. ಡಬ್ಲಿನ್, ಸ್ಯಾನ್ ರಮೋನ್, ಟ್ರೇಸಿಯಂಥ ಒಳನಾಡಿನ ಬಿಸಿಲಲ್ಲಿ ಸಂಜೆ ಎಸಿ ಇಲ್ಲದೆ ಕೂರಲಾಗದ ಮನೆಗಳಿಗೆ ಇದು ದೊಡ್ಡ ವಿಷಯ. ಕಾರಿನಲ್ಲಿ ಉಳಿದದ್ದು ಎಸಿಯಲ್ಲಿ ಹೋಗಬಹುದು. ಕಂಪನಿಯ ಖಾತೆಯಲ್ಲಿ ದರಪಟ್ಟಿಗಳನ್ನು ಹೋಲಿಸಿ ತೋರಿಸುವ ಸಾಧನವಿದೆ, ಗಂಟೆಗಂಟೆಯ ಬಳಕೆಯನ್ನು ಇಳಿಸಿಕೊಳ್ಳುವ ಗ್ರೀನ್ ಬಟನ್ ಕೂಡ ಇದೆ. ಎಂಜಿನಿಯರ್ ಮನೆಗಳೇ ತುಂಬಿರುವ ಊರಿದು, ಒಂದು ಸ್ಪ್ರೆಡ್‌ಶೀಟ್ ತೆರೆಯುವುದು ಯಾರಿಗೂ ಕಷ್ಟವಲ್ಲ. ದಯವಿಟ್ಟು ಒಂದು ಭಾನುವಾರ ಕೂತು ನೋಡಿ.

ಇಲ್ಲಿಂದ ಸ್ವಲ್ಪ ಆಚೆ ಸಾಂಟಾ ಕ್ಲಾರಾ ನಗರದ ಗಡಿಯೊಳಗಿರುವವರ ಕಥೆಯೇ ಬೇರೆ. ಅಲ್ಲಿ ಕರೆಂಟ್ ಕೊಡುವುದು ನಗರದ್ದೇ ಆದ ಸಿಲಿಕಾನ್ ವ್ಯಾಲಿ ಪವರ್. ದರ 20 ಸೆಂಟಿಗಿಂತ ಕೆಳಗೆ. 18 ಎಂದು ಹಿಡಿದರೂ 100 ಮೈಲಿಗೆ 4.68 ಡಾಲರ್, ಪೆಟ್ರೋಲಿನ ಅರ್ಧದಷ್ಟು. ರಸ್ತೆಯ ಈ ಬದಿಗೂ ಆ ಬದಿಗೂ ಉತ್ತರ ಹೀಗೆ ಬದಲಾಗುವಾಗ, ಗೆಳೆಯರ ಮಾತು ಕೇಳಿ ನಿರ್ಧರಿಸುವುದರಲ್ಲಿ ಅರ್ಥವಿಲ್ಲ.

ಸೋಲಾರ್ ಇದ್ದವರು "ನಮಗೆ ಕರೆಂಟ್ ಉಚಿತ" ಎನ್ನುತ್ತಾರೆ. ಅದೂ ಸ್ವಲ್ಪ ನಿಂತು ಯೋಚಿಸಬೇಕಾದ ಮಾತು. ಕಾರಿಗೆ ಹಾಕದಿದ್ದರೆ ಆ ಯೂನಿಟ್ ಗ್ರಿಡ್‌ಗೆ ಹೋಗಿ ನಿಮಗೆ ಜಮೆ ತರುತ್ತಿತ್ತು. ಆ ಕಳೆದುಕೊಂಡ ಜಮೆಯೇ ಕಾರಿನ ಕರೆಂಟಿನ ಬೆಲೆ. 2023ರ ಏಪ್ರಿಲ್ ಮಧ್ಯಕ್ಕೂ ಮೊದಲು ಅರ್ಜಿ ಹಾಕಿ ಹಳೆಯ ನೆಟ್ ಮೀಟರಿಂಗ್‌ನಲ್ಲಿ ಉಳಿದವರಿಗೆ ಜಮೆ ಚಿಲ್ಲರೆ ದರಕ್ಕೆ ಹತ್ತಿರ. ಅವರಿಗೆ ಮಧ್ಯಾಹ್ನದ ಚಾರ್ಜೂ ಹೆಚ್ಚುಕಮ್ಮಿ ರಾತ್ರಿಯ ಚಾರ್ಜಿನಷ್ಟೇ ತಾಗುತ್ತದೆ. ಆಮೇಲೆ ಸೇರಿದವರಿಗೆ ಗ್ರಿಡ್‌ಗೆ ಕೊಟ್ಟ ಮಧ್ಯಾಹ್ನದ ಯೂನಿಟ್‌ಗೆ ಸಿಗುವುದು ಕೆಲವೇ ಸೆಂಟು. ಅವರು ಬಿಸಿಲಿರುವಾಗ ಕಾರು ಮನೆಯಲ್ಲಿದ್ದರೆ ಕಣ್ಣು ಮುಚ್ಚಿ ಪ್ಲಗ್ ಹಾಕಬಹುದು.

ನಿಮ್ಮದೇ ಕಾರಿನ ಅಂಕಿ ತೆಗೆಯುವುದು

ಇಪಿಎಯ ಅಂಕಿ ಪ್ರಯೋಗಾಲಯದ್ದು. ನಿಮ್ಮ ಪಾದದ ಭಾರ, ನಿಮ್ಮ ಊರಿನ ಚಳಿ ಅದಕ್ಕೆ ಗೊತ್ತಿಲ್ಲ.

ಕರೆಂಟನ್ನು ಗೋಡೆಯಲ್ಲಿ ಅಳೆಯಿರಿ, ಡ್ಯಾಶ್‌ಬೋರ್ಡಿನಲ್ಲಲ್ಲ. ಪರದೆಯ ಮೇಲೆ ಯೂನಿಟ್‌ಗೆ ಇಷ್ಟು ಮೈಲಿ ಎಂದು ಬರುವುದು ಬ್ಯಾಟರಿಯಿಂದ ಹೊರಬಂದ ಶಕ್ತಿಯ ಲೆಕ್ಕ. ಗೋಡೆಯಿಂದ ಬ್ಯಾಟರಿಗೆ ಹೋಗುವ ದಾರಿಯಲ್ಲಿ, ಚಾರ್ಜರಿನ ಬಿಸಿಯಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಸೋರಿಹೋಗುತ್ತದೆ. ನೀವು ದುಡ್ಡು ಕೊಡುವುದು ಸೋರಿದ್ದಕ್ಕೂ ಸೇರಿಸಿ. ಸಾಮಾನ್ಯ 120 ವೋಲ್ಟ್ ಸಾಕೆಟ್ಟಿನಲ್ಲಿ ಚಾರ್ಜ್ ಮಾಡುವವರು ನಡುವೆ ಸಿಕ್ಕಿಸುವ ಸಣ್ಣ ವ್ಯಾಟ್ ಮೀಟರ್ ಕೊಳ್ಳಬಹುದು. 15 ಆಂಪ್ ತಾಳುವಂಥದ್ದೇ ಇರಲಿ, ಏಕೆಂದರೆ ಕಾರು ಗಂಟೆಗಟ್ಟಲೆ 12 ಆಂಪ್ ಎಳೆಯುತ್ತಲೇ ಇರುತ್ತದೆ. ಮೊದಲ ರಾತ್ರಿ ಅರ್ಧ ಗಂಟೆ ಬಿಟ್ಟು ಸಾಕೆಟ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ತಕ್ಷಣ ನಿಲ್ಲಿಸಿ, ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಎಕ್ಸ್‌ಟೆನ್ಷನ್ ವೈರ್ ಬೇಡವೇ ಬೇಡ. 240 ವೋಲ್ಟಿನ ಚಾರ್ಜರ್ ಇದ್ದವರಿಗೆ ಅದರದೇ ಆ್ಯಪ್‌ನಲ್ಲಿ ಯೂನಿಟ್ ಲೆಕ್ಕ ಸಿಗುತ್ತದೆ.

ಮೀಟರಿನ ಯೂನಿಟ್ ಬರೆದಿಡಿ, ಕರೆಂಟಿನಲ್ಲೇ ಓಡಿದ ಮೈಲಿ ಬರೆದಿಡಿ. ಕೆಲವು ವಾರದ ಮೊತ್ತ ತೆಗೆದು ಭಾಗಿಸಿ. ಒಂದೇ ದಿನದ ಅಂಕಿ ನಂಬಬೇಡಿ. ನನ್ನ ಕಾರು ಮೇ ತಿಂಗಳ ಹಿತವಾದ ಹವೆಯಲ್ಲಿ ಇಪಿಎ ಹೇಳಿದ 26ರ ಹತ್ತಿರವೇ ಇರುತ್ತದೆ. ಡಿಸೆಂಬರ್, ಜನವರಿಯ ಬೆಳಗ್ಗೆ ಹೀಟರ್ ಹಾಕಿ ಓಡಿಸಿದರೆ 30 ದಾಟುತ್ತದೆ.

ಪೆಟ್ರೋಲಿನದು ಹಳೆಯ ಪದ್ಧತಿಯೇ. ನಮ್ಮಪ್ಪ ಸಾಗರದಲ್ಲಿ ಬಜಾಜ್ ಸ್ಕೂಟರಿಗೆ ಪೆಟ್ರೋಲ್ ಹಾಕಿಸಿದಾಗಲೆಲ್ಲ ಜೇಬಿನ ಡೈರಿಯಲ್ಲಿ ಕಿಲೋಮೀಟರ್ ಬರೆಯುತ್ತಿದ್ದರು, ಟ್ಯಾಂಕ್ ತುಂಬಿಸಿ ಮುಂದಿನ ಸಲ ತುಂಬಿಸುವವರೆಗಿನ ಲೆಕ್ಕ. ಅದಕ್ಕಿಂತ ಒಳ್ಳೆಯ ವಿಧಾನ ಇನ್ನೂ ಬಂದಿಲ್ಲ. ಪ್ಲಗ್-ಇನ್ ಕಾರಿನಲ್ಲಿ ಒಂದೇ ತೊಡಕು: ನಡುವೆ ಕರೆಂಟಿನ ಮೈಲಿ ಬೆರೆತರೆ ಅಂಕಿ ಕೆಡುತ್ತದೆ. ಅದಕ್ಕೆ ದೂರದ ಪ್ರಯಾಣವನ್ನೇ ಆರಿಸಿ. ಹೊರಡುವ ಮುಂಚೆ ಟ್ಯಾಂಕ್ ತುಂಬಿಸಿ, ಗುಂಡಿ ಒತ್ತಿ ಹೈಬ್ರಿಡ್ ಮೋಡ್‌ಗೆ ಹಾಕಿ, ತಲುಪಿದ ಮೇಲೆ ಮತ್ತೆ ತುಂಬಿಸಿ. ಪರದೆ ತೋರಿಸುವ ಮೈಲೇಜಿಗಿಂತ ಪಂಪಿನ ರಸೀದಿಯನ್ನು ನಂಬಿ.

ಈ ಎರಡು ಅಂಕಿ ಕೈಗೆ ಬಂದ ಮೇಲೆ ತಿಳಿಯುವ ಅತಿ ಮುಖ್ಯ ಸಂಗತಿ ಎಂದರೆ 13 ಸ್ಥಿರವಲ್ಲ, ರಸ್ತೆಗೆ ತಕ್ಕಂತೆ ಅದು ಬದಲಾಗುತ್ತದೆ. ಮಕ್ಕಳ ಶಾಲೆ, ತರಕಾರಿ ಅಂಗಡಿ, ದೇವಸ್ಥಾನ ಎಂದು ಎರಡು ಮೂರು ಮೈಲಿಯ ಓಡಾಟ ತೆಗೆದುಕೊಳ್ಳಿ. ತಣ್ಣಗಿರುವ ಎಂಜಿನ್ ಬಿಸಿಯಾಗುವಷ್ಟರಲ್ಲಿ ಊರು ಮುಗಿದಿರುತ್ತದೆ, 52 ಮೈಲಿ ಎಂಬುದು ಅಲ್ಲಿ ಸಿಗುವುದೇ ಇಲ್ಲ. ಗ್ಯಾಲನ್‌ಗೆ 35 ಸಿಕ್ಕಿತು ಎಂದುಕೊಳ್ಳಿ. ಆಗ ಒಂದು ಗ್ಯಾಲನ್ ಎಂದರೆ ಸುಮಾರು 9 ಯೂನಿಟ್. ಗಡಿ 50 ಸೆಂಟಿಗೆ ಏರುತ್ತದೆ. ಅಂಥ ಓಡಾಟಕ್ಕೆ ಪಿಜಿ ಅಂಡ್ ಇಯ 31 ಸೆಂಟಿನ ಕರೆಂಟ್ ಸ್ಪಷ್ಟ ಲಾಭ. ಅದೇ 880 ಫ್ರೀವೇಯಲ್ಲಿ ಗಂಟೆಗೆ 75 ಮೈಲಿ ವೇಗದಲ್ಲಿ ಹೋದರೆ ಗಾಳಿಯ ತಡೆಗೆ ಕರೆಂಟ್ 100 ಮೈಲಿಗೆ 31 ಯೂನಿಟ್ ಆಗಬಹುದು, ಬಿಸಿಯಾದ ಎಂಜಿನ್ ಮಾತ್ರ ಹತ್ತಿರಹತ್ತಿರ 50 ಮೈಲಿ ಕೊಡುತ್ತಲೇ ಇರುತ್ತದೆ. ಆಗ ಗ್ಯಾಲನ್ ಎಂದರೆ ಹದಿನೈದೂವರೆ ಯೂನಿಟ್, ಗಡಿ 30 ಸೆಂಟಿಗೆ ಇಳಿಯುತ್ತದೆ. ಮಧ್ಯರಾತ್ರಿಯ 31 ಸೆಂಟಿನ ಕರೆಂಟೂ ಅಲ್ಲಿ ಕೂದಲೆಳೆಯಲ್ಲಿ ಸೋಲುತ್ತದೆ.

ಆದ್ದರಿಂದ ಬ್ಯಾಟರಿಯಲ್ಲಿರುವ ಮೈಲಿಗಳನ್ನು ಊರೊಳಗಿನ ಓಡಾಟಕ್ಕೆ ಉಳಿಸಿಕೊಳ್ಳಿ. ಫ್ರೀವೇ ಹತ್ತುವಾಗ ಗುಂಡಿ ಒತ್ತಿ ಹೈಬ್ರಿಡ್‌ಗೆ ಬದಲಿಸಿ, ಇಳಿಯುವಾಗ ಮತ್ತೆ ಕರೆಂಟಿಗೆ ತನ್ನಿ. ಸುಮ್ಮನೆ ಬಿಟ್ಟರೆ ಕಾರು ಮನೆಯಿಂದ ಹೊರಟಲ್ಲೇ ಬ್ಯಾಟರಿ ಖರ್ಚು ಮಾಡಲು ಶುರು ಮಾಡುತ್ತದೆ. ನನಗೆ ಇದರಲ್ಲಿ ದುಡ್ಡಿಗಿಂತ ದೊಡ್ಡ ಸಮಾಧಾನವೂ ಇದೆ. ಶಾಲೆಯ ಮುಂದಿನ ಕಾರಿನ ಸಾಲಿನಲ್ಲಿ, ಮಕ್ಕಳು ನಿಂತಿರುವ ಕಡೆ, ನನ್ನ ಕಾರು ಹೊಗೆ ಬಿಡುವುದಿಲ್ಲ. ಅಷ್ಟಕ್ಕಾಗಿ ಕೆಲವು ಸೆಂಟ್ ಹೆಚ್ಚಾದರೂ ಕೊಡುತ್ತೇನೆ.

ಹೊರಗೆ ಚಾರ್ಜ್ ಮಾಡುವಾಗ, ವೈರಿಂಗ್ ಮಾಡಿಸುವಾಗ

ಸಾರ್ವಜನಿಕ ಚಾರ್ಜರುಗಳಲ್ಲಿ ಯೂನಿಟ್ ಲೆಕ್ಕದ ದರವಾದರೆ ಗಡಿಯ ಜತೆ ನೇರ ಹೋಲಿಸಿ. ಗಂಟೆ ಲೆಕ್ಕದ ದರವಾದರೆ ಹುಷಾರು. ಪ್ರಿಯಸ್ ಪ್ರೈಮ್ ಗಂಟೆಗೆ ಮೂರೂವರೆ ಯೂನಿಟ್‌ಗಿಂತ ಹೆಚ್ಚು ಎಳೆದುಕೊಳ್ಳಲಾರದು, ಚಾರ್ಜಿಂಗ್ ಕಂಬದಲ್ಲಿ ಎಷ್ಟೇ ಶಕ್ತಿ ಇರಲಿ. ಗಂಟೆಗೆ 2 ಡಾಲರ್ ಎಂದರೆ ಯೂನಿಟ್‌ಗೆ 57 ಸೆಂಟ್ ಬಿತ್ತು. ದೊಡ್ಡ ಎಲೆಕ್ಟ್ರಿಕ್ ಕಾರಿಗೆ ಅಗ್ಗವಾದ ಅದೇ ಕಂಬ ನಮಗೆ ದುಬಾರಿ. ಆಫೀಸಿನಲ್ಲಿ ಉಚಿತ ಚಾರ್ಜ್ ಇದ್ದರೆ ಲೆಕ್ಕವೇ ಬೇಡ, ತುಂಬಿದ ಮೇಲೆ ಕಾರು ತೆಗೆದು ಬೇರೆಯವರಿಗೆ ಜಾಗ ಬಿಡಿ.

ಮನೆಗೆ 240 ವೋಲ್ಟ್ ಹಾಕಿಸಬೇಕೇ ಎಂದು ಕೇಳುತ್ತಾರೆ. ನನ್ನ ಕಾರಿಗೆ ಸಾಮಾನ್ಯ ಸಾಕೆಟ್ಟಿನಲ್ಲಿ ಖಾಲಿಯಿಂದ ತುಂಬಲು ಸುಮಾರು 11 ಗಂಟೆ, 240ರಲ್ಲಿ 4 ಗಂಟೆ. ವರ್ಷಕ್ಕೆ 6,000 ಮೈಲಿ ಕರೆಂಟಿನಲ್ಲಿ ಓಡಿಸಿದರೂ 100 ಮೈಲಿಗೆ 79 ಸೆಂಟಿನಂತೆ ಉಳಿಯುವುದು 47 ಡಾಲರ್. ವೈರಿಂಗ್‌ಗೆ ಸಾವಿರ ಡಾಲರ್ ಆಯಿತೆಂದರೆ ಅದು ವಾಪಸಾಗಲು ಇಪ್ಪತ್ತು ವರ್ಷ ಮೀರುತ್ತದೆ. ಪಿಜಿ ಅಂಡ್ ಇ ಮನೆಗಳಿಗೆ ಉಳಿತಾಯದ ಹೆಸರಿನಲ್ಲಿ ನಾನು ಇದನ್ನು ಖಂಡಿತ ಹೇಳುವುದಿಲ್ಲ. ಮುಂದೆ ಪೂರ್ತಿ ಎಲೆಕ್ಟ್ರಿಕ್ ಕಾರು ಕೊಳ್ಳುವ ಯೋಚನೆ ಇದ್ದರೆ ಬೇರೆ ಮಾತು.

ಆಯಿಲ್ ಬದಲಾವಣೆಯಲ್ಲಿ ಉಳಿತಾಯ ಹುಡುಕಬೇಡಿ. ಎಂಜಿನ್ ಕಡಿಮೆ ಓಡಿದರೂ ವರ್ಷಕ್ಕೊಮ್ಮೆ ಮಾಡಿಸಲೇಬೇಕು. ಬ್ಯಾಟರಿ ಸವೆತವನ್ನೂ ನಾನು ಖರ್ಚಿಗೆ ಸೇರಿಸಿಲ್ಲ. ಟೊಯೋಟಾ 10 ವರ್ಷ ಅಥವಾ 1,50,000 ಮೈಲಿಯ ವಾರಂಟಿ ಕೊಡುತ್ತದೆ. ಕಾರಿನಲ್ಲಿ ಒಬ್ಬರೇ ಇದ್ದರೂ ಕಾರ್‌ಪೂಲ್ ಲೇನ್ ಬಳಸಲು ಬಿಡುತ್ತಿದ್ದ ಸ್ಟಿಕರ್ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು, ಅದನ್ನೂ ಲಾಭದ ಪಟ್ಟಿಯಿಂದ ಹೊಡೆದುಹಾಕಿ.

ಬೆಂಗಳೂರಿನಲ್ಲಿರುವ ತಮ್ಮ ಕೇಳಿದ, ಅಲ್ಲಿ ಹೇಗೆ ಎಂದು. ಸೂತ್ರ ಅದೇ. ಒಂದು ಗ್ಯಾಲನ್ ಎಂದರೆ 3.785 ಲೀಟರ್, ಹಾಗಾಗಿ ಒಂದು ಲೀಟರ್ ಪೆಟ್ರೋಲ್ ಸುಮಾರು ಮೂರೂವರೆ ಯೂನಿಟ್‌ಗೆ ಸಮ. ಲೀಟರಿಗೆ 103 ರೂಪಾಯಿ ಹಿಡಿದರೆ ಗಡಿ ಯೂನಿಟ್‌ಗೆ 29 ರೂಪಾಯಿ. ಬೆಸ್ಕಾಂ ಮನೆ ದರ 6 ರೂಪಾಯಿಯ ಆಸುಪಾಸು. ಅಲ್ಲಿ ಲೆಕ್ಕ ಹಾಕುವ ಅಗತ್ಯವೇ ಇಲ್ಲ, ಕರೆಂಟ್ ಐದು ಪಟ್ಟು ಅಗ್ಗ. ತೊಡಕು ಏನೆಂದರೆ ಭಾರತದಲ್ಲಿ ಪ್ಲಗ್-ಇನ್ ಹೈಬ್ರಿಡ್ ಎಂದರೆ ಹೆಚ್ಚಾಗಿ ಐಷಾರಾಮಿ ಕಾರುಗಳೇ. ಬಿಡದಿಯಲ್ಲಿ ತಯಾರಾಗುವ ಇನೋವಾ ಹೈಕ್ರಾಸ್ ಹೈಬ್ರಿಡ್ ಹೌದು, ಆದರೆ ಅದಕ್ಕೆ ಪ್ಲಗ್ ಇಲ್ಲ. ಅದರ ಬ್ಯಾಟರಿ ತುಂಬುವುದು ಪೆಟ್ರೋಲಿನಿಂದಲೇ, ಅದಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಲೆಕ್ಕವನ್ನು ಯಾವಾಗ ಮತ್ತೆ ಮಾಡಬೇಕು? ಪಿಜಿ ಅಂಡ್ ಇಯ ಬೇಸಿಗೆ ದರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಉಳಿದದ್ದು ಚಳಿಗಾಲದ ದರ. ಹಾಗಾಗಿ ಜೂನ್ 1 ಮತ್ತು ಅಕ್ಟೋಬರ್ 1ಕ್ಕೆ ಒಮ್ಮೆ ನೋಡಿ. ನಡುವೆ ದರ ಪರಿಷ್ಕರಣೆಯ ಪತ್ರ ಬಂದರೆ ಆಗಲೂ ನೋಡಿ, ಪೆಟ್ರೋಲ್ ಗ್ಯಾಲನ್‌ಗೆ ಅರ್ಧ ಡಾಲರ್ ಏರಿಳಿದರೂ ನೋಡಿ. ನಿಮ್ಮ ಕಾರಿನ ಊರೊಳಗಿನ ಅಂಕಿ, ಫ್ರೀವೇ ಅಂಕಿ ಎರಡನ್ನೂ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದರೆ ಪಂಪಿನ ಬೋರ್ಡ್ ಕಂಡ ಕೂಡಲೇ ಭಾಗಿಸಿ ಗಡಿ ತಿಳಿಯಬಹುದು, ಅರ್ಧ ನಿಮಿಷದ ಕೆಲಸ.